ಒಂದು ಗೀರೂ ಇಲ್ಲ

"ನೀನೂ ಬರ್ಬೇಕಂತೆ," ಎಂದ ಅವನು, ಟೈರಿನ ಸಂದಿಗೆ ಸಿಕ್ಕಿಕೊಂಡಿದ್ದ ಕಲ್ಲಿನ ಹರಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುತ್ತ.

ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. "ಗಾಡಿ ಮಾರೋಕೆ ನಾನ್ಯಾಕೆ?"

"ಕೊಳ್ಳೋರ ಮನೇಲಿ ಒಬ್ರು ಅಜ್ಜಿ ಇದಾರಂತೆ. ಗಾಡಿ ನೋಡೋಕೆ ಮುಂಚೆ ಅದ್ರಲ್ಲಿ ಓಡಾಡಿದೋರ ಮುಖ ನೋಡ್ಬೇಕಂತೆ ಅವ್ರಿಗೆ. ಮನೆಯವ್ರನ್ನೆಲ್ಲ ಕರ್ಕೊಂಡು ಬನ್ನಿ ಅಂದ್ರು ಫೋನಲ್ಲಿ."

"ಮುಖ," ಎಂದಳು ಹೆಂಡತಿ. ಒಳಗೆ ಹೋದಳು.

ಅವನ ಕೈ ನಿಂತಿತು. ಆ ಒಂದು ಮಾತಿನೊಳಗೆ ಏನಾದರೂ ಇತ್ತೇ ಎಂದು ಹುಡುಕಿದ. ಇರಲಿಲ್ಲವೆಂದು ತೀರ್ಮಾನಿಸಿ ಇನ್ನೊಂದು ಹರಳಿಗೆ ಕೈಹಾಕಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನಿಗೆ ಇಲ್ಲದ್ದನ್ನು ಇದೆ ಎನ್ನುವ ಜಾಯಮಾನವಿರಲಿಲ್ಲ. ಇರುವುದನ್ನು ಇಲ್ಲ ಎನ್ನುವುದು ಬೇರೆ ಮಾತು. ಸಂಸಾರಸ್ಥರಿಗೆ ಅದು ಯಾರೂ ಕಲಿಸದೆ ಬರುತ್ತದೆ.

ಗಾಡಿ ಏಳು ಸೀಟಿನದು. ಮನೆಯಲ್ಲಿದ್ದವರು ಮೂವರು, ಅವನು, ಹೆಂಡತಿ, ಮಗಳು. ಕೊಳ್ಳುವಾಗ ಕೇಳದವರಿಲ್ಲ. ಅವನ ಉತ್ತರ ಸಿದ್ಧವಿತ್ತು. ದೊಡ್ಡ ಗಾಡಿ ಗಟ್ಟಿ, ಗೋಡೆಗೆ ಗುದ್ದಿಸಿ ನೋಡಿ ಸುರಕ್ಷತೆಗೆ ಐದು ನಕ್ಷತ್ರ ಕೊಟ್ಟಿದ್ದಾರೆ. ಕೊನೆಯ ಸಾಲು ಮಡಚಿದರೆ ಒಂದು ಫ್ರಿಜ್ಜೇ ಹಿಡಿಸುತ್ತದೆ. ಮುಖ್ಯವಾಗಿ, ಮಾರುವಾಗ ಕೈ ಕಚ್ಚುವುದಿಲ್ಲ. ಹೆಂಡತಿ ನೀಲಿ ಬಣ್ಣ ಕೇಳಿದ್ದಳು, ಮಗಳು ಕೆಂಪು. ಅವನು ಬಿಳಿ ತಂದ. ಬಿಳಿಗೆ ಗಿರಾಕಿ ಜಾಸ್ತಿ. ಹೆಂಡತಿಯ ತಮ್ಮ ಅಂದಿನಿಂದ ಅವನನ್ನು "ರೀಸೇಲ್ ಭಾವ" ಎಂದೇ ಕರೆಯುತ್ತ ಬಂದ. ಎಲ್ಲರೂ ನಕ್ಕಾಗ ಅವನೂ ನಕ್ಕ. ಅದು ಹೊಗಳಿಕೆಯೆಂದೇ ಅವನಿಗೆ ಒಳಗೊಳಗೆ ಅನಿಸುತ್ತಿತ್ತು.

ಸೀಟಿನ ಮೇಲಿನ ಮಸುಕು ಪ್ಲಾಸ್ಟಿಕ್ ಹೊದಿಕೆಯನ್ನು ಅವನು ತೆಗೆಯಲೇ ಇಲ್ಲ. ಬೇಸಿಗೆಯಲ್ಲಿ ಅದು ತೊಡೆಗೆ ಅಂಟಿ, ಏಳುವಾಗ ಚರ್ಮ ಸುಲಿದಂತಾಗುತ್ತಿತ್ತು. ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಹತ್ತುವ ಮುಂಚೆ ಕಾಲು ಝಾಡಿಸಬೇಕು. ಮಗಳು ಒಂದು ಸಲ ಕಿಟಕಿಯ ಗಾಜಿಗೆ ಕಾಗದದ ಚಿಟ್ಟೆ ಅಂಟಿಸಿದಳು. ಅವನು ಬಯ್ಯಲಿಲ್ಲ, ಬಯ್ಯುವ ಅಪ್ಪ ಅವನಲ್ಲ. ಬಿಸಿನೀರು ತಂದು ಉಗುರಿನಿಂದ ಕೆರೆದು ತೆಗೆದ.

"ಮುಂದೆ ಬರೋರಿಗೆ ಇಷ್ಟ ಆಗ್ಬೇಕಲ್ಲ ಪುಟ್ಟಿ," ಎಂದ.

ಮುಂದೆ ಬರುವವರು. ಈ ಮಾತು ಮನೆಯಲ್ಲಿ ಎಷ್ಟು ಬಳಕೆಯಾಯಿತೆಂದರೆ, ಒಂದು ದಿನ ಮಗಳು, ನೆಂಟರ ಬಗ್ಗೆ ಕೇಳುವ ಹಾಗೆ, "ಅವ್ರು ಯಾವಾಗ ಬರ್ತಾರಪ್ಪಾ?" ಎಂದು ಕೇಳಿದ್ದಳು.

ಅವರು ಇವತ್ತು ಸಿಕ್ಕಿದ್ದರು. ಊರಿನ ಇನ್ನೊಂದು ತುದಿಯಲ್ಲಿ, ಯಾರೋ ಒಬ್ಬ ಡಾಕ್ಟರಮ್ಮ. ಹೇಳಿದ ಬೆಲೆಗೆ ಫೋನಿನಲ್ಲಿ ಹೆಚ್ಚು ಚೌಕಾಸಿ ಮಾಡಿರಲಿಲ್ಲ. ಇಷ್ಟವಾದರೆ ಇವತ್ತೇ ಇಟ್ಟುಕೊಳ್ಳುತ್ತೇವೆ ಎಂದಿದ್ದಳು.

ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದ ಕಾರಣ, ಹೊಸ ಮಾದರಿ ಬರುತ್ತಿದೆ, ಬಂದರೆ ಹಳೆಯದರ ಬೆಲೆ ಬೀಳುತ್ತದೆ ಎಂಬುದು. ಅದು ಸುಳ್ಳಲ್ಲ. ಆದರೆ ಅವನು ಮಾರುತ್ತಿದ್ದುದು ಒಂದು ಸದ್ದಿಗಾಗಿ. ಅವನು ಬ್ರೇಕು ಒತ್ತಿದಾಗಲೆಲ್ಲ, ಎಷ್ಟೇ ಮೆಲ್ಲಗೆ ಒತ್ತಲಿ, ಪಕ್ಕದ ಸೀಟಿನಲ್ಲಿ ಹೆಂಡತಿಯ ನಾಲಗೆ ಅವಳ ಮುಂದಿನ ಹಲ್ಲನ್ನು ಮುಟ್ಟಿ ನೋಡಿ ಚ್ ಎನ್ನುತ್ತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲವೋ ಏನೋ. ಅವನು ರೇಡಿಯೊ ಹಾಕಿ ನೋಡಿದ. ಹಾಡಿನ ನಡುವೆಯೂ ಕೇಳುತ್ತಿತ್ತು.

ಹೋದ ವರ್ಷದ ಮಾತು. ಮಗಳು ಚೀಲದಲ್ಲಿ ಕದ್ದು ತಂದಿದ್ದ ಹಣ್ಣಿನ ರಸದ ಪೊಟ್ಟಣ ಒಡೆದು, ಪ್ಲಾಸ್ಟಿಕ್ಕಿನ ಸಂದಿನಿಂದ ಸೀಟಿನೊಳಕ್ಕೆ ಇಳಿಯತೊಡಗಿತು. "ಒರೆಸು, ಬೇಗ ಒರೆಸು," ಎಂದ ಅವನು. ಹೆಂಡತಿ ಬೆಲ್ಟು ಬಿಚ್ಚಿ, ಹಿಂದಕ್ಕೆ ಬಾಗಿ ಒರೆಸಿದಳು. ಕಲೆ ಪೂರ್ತಿ ಹೋಯಿತೇ ಎಂದು ಅವನು ಕನ್ನಡಿಯಲ್ಲಿ ನೋಡುತ್ತಿದ್ದ. ಅವಳು ಮುಂದಕ್ಕೆ ತಿರುಗುವುದಕ್ಕೂ ಅಡ್ಡಬೀದಿಯಿಂದ ಸ್ಕೂಟರೊಂದು ನುಗ್ಗುವುದಕ್ಕೂ ಸರಿಹೋಯಿತು. ಅವನು ಬ್ರೇಕು ಒತ್ತಿದ. ಜಾಹೀರಾತಿನಲ್ಲಿ ಹೇಳಿದ್ದಂತೆಯೇ ಗಾಡಿ ನಿಂತಿತು. ಹೆಂಡತಿ ನಿಲ್ಲಲಿಲ್ಲ. ಬೆಲ್ಟು ಹಾಕದ ದೇಹ ಯಾಕೆ ನಿಲ್ಲುವುದಿಲ್ಲವೆಂದು ಅವನು ಪ್ರತಿ ವರ್ಷವೂ ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಾನೆ.

ಅವನು ಬಾಗಿಲು ತೆಗೆದು ಇಳಿದ. ಗಾಡಿಯ ಮುಂದಕ್ಕೆ ಹೋಗಿ, ಬಂಪರಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದ. ಸ್ಕೂಟರಿನವನು ಬೈದುಕೊಂಡು ಹೋದ. ಅವನು ತಲೆಯೆತ್ತಿ, ಗಾಜಿನ ಆಚೆಗಿದ್ದ ಹೆಂಡತಿಗೆ ಹೆಬ್ಬೆರಳು ತೋರಿಸಿ, "ಏನೂ ಆಗಿಲ್ಲ. ಒಂದು ಗೀರೂ ಇಲ್ಲ," ಎಂದ.

ಆಮೇಲೆ ನೋಡಿದ. ಸೀಟು ಒರೆಸಿದ ಬಟ್ಟೆಯನ್ನೇ ಅವಳು ಬಾಯಿಗೆ ಒತ್ತಿಕೊಂಡಿದ್ದಳು. ರಕ್ತ ಸೀಟಿಗೆ ತೊಟ್ಟಿಕ್ಕಬಾರದೆಂದು ಮುಂದಕ್ಕೆ ಬಾಗಿ ಕೂತಿದ್ದಳು.

ಮುಂದಿನ ಹಲ್ಲಿನ ಒಂದು ಮೂಲೆ ಹೋಗಿತ್ತು, ಅಷ್ಟೇ. ಸರಿಮಾಡಿಸಿಕೋ ಎಂದು ಅವನು ಎಷ್ಟೋ ಸಲ ಹೇಳಿದ. "ಇರ್ಲಿ ಬಿಡಿ," ಎಂದಳು. ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಆ ದಿನದ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಅವನು ಉತ್ತರ ಕೊಡುತ್ತಿದ್ದ. ಒಂದು ವರ್ಷದಿಂದ ಅವನು ಆ ಉತ್ತರವನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ. ಕೇಳುವವರೇ ಇರಲಿಲ್ಲ. ಈ ಗಾಡಿಯೊಂದು ಕಣ್ಣೆದುರಿನಿಂದ ಹೋದರೆ ಆ ಸದ್ದೂ ಹೋಗುತ್ತದೆ, ಸದ್ದು ಹೋದರೆ ಆ ದಿನವೂ ಹೋಗುತ್ತದೆ ಎಂದು ಅವನ ಲೆಕ್ಕ.

ದಾರಿಯಲ್ಲಿ ಅವನು ಆದಷ್ಟು ಬ್ರೇಕು ಒತ್ತದೆ ಓಡಿಸಿದ.

"ಆಕ್ಸಿಡೆಂಟ್ ಆಗಿದ್ಯಾ ಅಂತ ಕೇಳ್ತಾರೆ," ಎಂದ, ಎದುರಿನ ರಸ್ತೆಗೆ ಹೇಳುವವನಂತೆ.

"ಕೇಳ್ಲಿ."

"ಇಲ್ಲ ಅಂತೀನಿ. ಆಗಿಲ್ವಲ್ಲ."

"ಗಾಡಿಗೆ ಆಗಿಲ್ಲ," ಎಂದಳು ಹೆಂಡತಿ.

ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವನು ಕನ್ನಡಿಯಲ್ಲಿ ಅವಳನ್ನು ನೋಡಿ, ಮತ್ತೆ ರಸ್ತೆ ನೋಡಿದ.

ಮನೆ ಸಿಕ್ಕಿತು. ಗೇಟಿನ ಪಕ್ಕದ ಬೋರ್ಡನ್ನು ಅವನು ಎರಡು ಸಲ ನೋಡಿದ. ಬೋರ್ಡಿನ ಮೇಲೆ ಆಳೆತ್ತರದ ಒಂದು ಹಲ್ಲು, ಅದಕ್ಕೆ ಕಣ್ಣು, ಕೈ, ನಗು. ಡಾಕ್ಟರಮ್ಮ ಎಂದರೆ ಹಲ್ಲಿನ ಡಾಕ್ಟರಮ್ಮ. ಊರಲ್ಲಿ ಕಣ್ಣಿನವರಿದ್ದಾರೆ, ಕಿವಿಯವರಿದ್ದಾರೆ, ಮೂಳೆಯವರಿದ್ದಾರೆ. ಅವನ ಗಾಡಿಗೆ ಗಂಟುಬಿದ್ದವಳು ಇವಳು.

ಹೆಂಡತಿಯೂ ಬೋರ್ಡು ನೋಡಿದಳು. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿದಂತಾಯಿತು. ಒಂದು ವರ್ಷದಲ್ಲಿ ನಗುವಿಗೆ ಅಷ್ಟು ಹತ್ತಿರದ್ದೇನನ್ನೂ ಅವನು ಅವಳ ಮುಖದಲ್ಲಿ ಕಂಡಿರಲಿಲ್ಲ.

ಒಳಗಿನಿಂದ ಇಡೀ ಸಂಸಾರವೇ ಈಚೆ ಬಂತು. ದಂತವೈದ್ಯೆ, ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಅವಳ ಗಂಡ. ಒಬ್ಬರನ್ನೊಬ್ಬರು ತಳ್ಳಾಡುವ ಅವಳಿ ಗಂಡುಮಕ್ಕಳು. ಕೊನೆಗೆ, ಕೋಲೂರಿಕೊಂಡು ಅಜ್ಜಿ, ಫೋಟೋದವನ ತಾಯಿ. ಅಜ್ಜಿ ಗಾಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನ ಮುಖ ನೋಡಿದಳು, ಹೆಂಡತಿಯ ಮುಖ ನೋಡಿದಳು, ಮಗಳ ಗಲ್ಲ ಹಿಡಿದೆತ್ತಿ ನೋಡಿದಳು. ಹೋಗಿ ಕುರ್ಚಿಯಲ್ಲಿ ಕೂತಳು.

ದಂತವೈದ್ಯೆ ಬೆರಳ ಗಣ್ಣಿನಿಂದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟಳು. ಅವಳ ಗಂಡ ಟಾರ್ಚು ತಂದು, ಬಣ್ಣದ ಮೇಲೆ ಅಡ್ಡಲಾಗಿ ಬೆಳಕು ಬಿಟ್ಟು, ಮೊಣಕಾಲೂರಿ ನೋಡಿದ. ಅವನು ಕೈಕಟ್ಟಿ ನಿಂತ. ಇಂಥ ಪರೀಕ್ಷೆಗಾಗಿಯೇ ಅಲ್ಲವೇ ಅವನು ಇಷ್ಟು ವರ್ಷ ಓದಿದ್ದು! ಕೊನೆಗೆ ದಂತವೈದ್ಯೆ ಒಳಗೆ ತಲೆಹಾಕಿ ಮೂಸಿ, ಹುಬ್ಬು ಗಂಟಿಕ್ಕಿದಳು.

"ಐದು ವರ್ಷ ಓಡ್ಸಿದೀವಿ ಅಂದ್ರಿ?"

"ಹೌದು."

"ಮಗೂನ ಕೂರ್ಸ್ಕೊಂಡು?"

"ಹೌದು."

"ಒಂದು ಬಿಸ್ಕತ್ ಚೂರಿಲ್ಲ, ಒಂದು ಕಲೆ ಇಲ್ಲ, ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ನಮ್ಮ ಹಳೇ ಗಾಡಿ ನೋಡ್ಬೇಕು ನೀವು, ತಿಪ್ಪೆ. ಇದ್ಯಾಕೆ ಹೀಗಿದೆ? ತಪ್ಪು ತಿಳ್ಕೋಬೇಡಿ ಸಾರ್. ಎಲ್ಲಾದ್ರೂ ಹೊಡ್ಕೊಂಡು, ಒಳಗೆಲ್ಲ ಹೊಸದು ಹಾಕ್ಸಿದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ಅವನಿಗೆ. "ಛೆ, ಛೆ! ಒಂದು ಗೀರೂ ಇಲ್ಲ. ಬೇಕಾದ್ರೆ ಯಾರಿಗಾದ್ರೂ ತೋರ್ಸಿ."

"ಗೀರಿಲ್ಲ ಅನ್ನೋದೇ ನನಗೆ ಅನುಮಾನ," ಎಂದಳು ಆಕೆ.

ಇದು ಅವನಿಗೆ ಹೊಸದು. ಗಾಡಿ ಚೆನ್ನಾಗಿದೆಯೆಂದು ಸಾಬೀತು ಮಾಡಲು ಬಂದವನು, ಅದರಲ್ಲಿ ಮನುಷ್ಯರು ಓಡಾಡಿದ್ದರೆಂದು ಸಾಬೀತು ಮಾಡಬೇಕಾಗಿತ್ತು. ಒಂದು ಕುರುಹಿಗಾಗಿ ಸೀಟುಗಳನ್ನೆಲ್ಲ ನೋಡಿದ. ಇರಲಿಲ್ಲ. ಅವನೇ ಬಿಟ್ಟಿರಲಿಲ್ಲ.

"ಪುಟ್ಟಿ, ನೀನು ಎಲ್ಲಿ ಕೂರ್ತಿದ್ದೆ ತೋರ್ಸು ಆಂಟಿಗೆ."

ಮಗಳು ಕಾಲು ಝಾಡಿಸಿ ಹತ್ತಿದಳು. ಹಿಂದಿನ ಸೀಟಿನ ನಟ್ಟನಡುವೆ ಕೂತು ಬೆಲ್ಟು ಎಳೆದುಕೊಂಡಳು. ಎರಡೂ ಕೈ ಮಂಡಿಯ ಮೇಲಿಟ್ಟು, ಬೂಟು ಎಲ್ಲಿಗೂ ತಾಗದಂತೆ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದಳು.

ಅವಳಿಗಳು ತಳ್ಳಾಟ ನಿಲ್ಲಿಸಿ ಅವಳನ್ನೇ ನೋಡಿದರು.

"ಮಗು ಯಾಕೆ ಹಾಗೆ ಕೂತಿದೆ?" ಎಂದಳು ಅಜ್ಜಿ ಕುರ್ಚಿಯಿಂದ.

"ಅಭ್ಯಾಸ," ಎಂದ ಅವನು.

ಒಂದು ಸುತ್ತು ಹೋಗಿ ಬರೋಣವೆಂದ ಫೋಟೋದವನು. ಹೆಂಡತಿ, ಮಗಳು ಜಗಲಿಯಲ್ಲೇ ಉಳಿದರು. ಅವನು ಹೆಂಡತಿಯ ಸೀಟಿನಲ್ಲಿ ಕೂತ. ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಕೊನೆಯ ಸಾಲನ್ನು ಯಾರೂ ಯಾವತ್ತೂ ಬಿಡಿಸಿರಲಿಲ್ಲ. ಅವಳಿಗಳು ಅದನ್ನು ಧಡಾರೆಂದು ಎಳೆದು ಬಿಡಿಸಿ, ಅದರ ಮೇಲೆ ಉರುಳಿಬಿದ್ದರು. ಅಜ್ಜಿ ಎಲ್ಲರಿಗೂ ಪೆಪ್ಪರ್‌ಮಿಂಟು ಹಂಚಿದಳು. ಒಂದು ಕೆಳಗೆ ಬಿದ್ದು ಉರುಳಿತು. ಅವನು ತಟ್ಟನೆ ಬಗ್ಗಿ ಹುಡುಕಿದ. "ಬಿಡಿ ಸಾರ್, ಎಲ್ಲಿ ಹೋಗತ್ತೆ, ಗಾಡಿಯೊಳಗೇ ಇರತ್ತೆ," ಎಂದ ಫೋಟೋದವನು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ, ಆದರೂ ಉತ್ತರ ಬರುತ್ತಿತ್ತು.

ಖಾಲಿ ರಸ್ತೆ ಬಂದಾಗ, "ಬ್ರೇಕ್ ನೋಡ್ತೀನಿ," ಎಂದು ಕೂಗಿ ಫೋಟೋದವನು ಒಮ್ಮೆಲೇ ಒತ್ತಿದ. ಗಾಡಿ ನಿಂತಿತು. ಅದೇ ಹೊತ್ತಿಗೆ ಅವನ ಎದೆಯ ಮೇಲೆ ಏನೋ ಬಂದು ಅಪ್ಪಳಿಸಿತು. ನೋಡಿದರೆ ಫೋಟೋದವನ ಎಡಗೈ. ಐದೂ ಬೆರಳು ಅಗಲಿಸಿ, ಅವನನ್ನು ಸೀಟಿಗೆ ಒತ್ತಿ ಹಿಡಿದಿತ್ತು.

"ಅಯ್ಯೋ, ಕ್ಷಮಿಸಿ ಸಾರ್. ಅಭ್ಯಾಸ. ಅಲ್ಲಿ ಯಾವಾಗ್ಲೂ ಇವಳು ಕೂರ್ತಾಳಲ್ಲ," ಎಂದು ಅವನು ಕೈ ತೆಗೆದ.

"ಪರವಾಗಿಲ್ಲ," ಎಂದ ಇವನು. ಎದೆಯ ಮೇಲೆ ಆ ಅಂಗೈಯ ಬಿಸಿ ಸ್ವಲ್ಪ ಹೊತ್ತು ಇತ್ತು. ಹಿಂದಿರುಗಿ ನೋಡಿದ. ದಂತವೈದ್ಯೆಯ ತೋಳು ಅತ್ತೆಯ ಸೊಂಟ ಬಳಸಿತ್ತು. ಅವಳಿಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕಿರುಚುತ್ತಿದ್ದರು. ಅವನ ಎರಡೂ ಕೈಗಳು ಡ್ಯಾಶ್‌ಬೋರ್ಡಿನ ಅಂಚನ್ನು ಹಿಡಿದಿದ್ದವು. ಅವನಿಗೆ ಇದ್ದಕ್ಕಿದ್ದಂತೆ ತುಂಬ ದುಃಖವಾಯಿತು. ಯಾಕೆಂದು ಹುಡುಕಲು ಹೋಗಲಿಲ್ಲ. ಬ್ರೇಕು ಚೆನ್ನಾಗಿದೆ ಎಂದ.

ಹಿಂದಿರುಗಿದ ಮೇಲೆ ಚಹಾ ಬಂತು. ಜಗಲಿಯಲ್ಲಿ ದಂತವೈದ್ಯೆ ಹೆಂಡತಿಯ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ತುಟಿ ಬಿಗಿದು ಚಹಾ ಹೀರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ.

"ಗಾಡಿ ಓಡೋದು ಚೆನ್ನಾಗಿ ಓಡತ್ತೆ," ಎಂದ ಫೋಟೋದವನು, ತನ್ನ ಹೆಂಡತಿಯ ಕಡೆ ನೋಡುತ್ತ.

"ಅದ್ಸರಿ. ಆದ್ರೂ ಮನಸ್ಸಿಗೆ ಬರ್ತಿಲ್ಲ," ಎಂದಳು ದಂತವೈದ್ಯೆ. "ಅತ್ತೆ, ನೀವೇನಂತೀರಿ?"

ಅಜ್ಜಿ ಅವನನ್ನು ಬಿಟ್ಟು ಹೆಂಡತಿಗೆ ಹೇಳಿದಳು. "ಆಗ್ಲಿಂದ ನಿಮ್ಮ ಯಜಮಾನ್ರೇ ಮಾತಾಡ್ತಿದಾರೆ. ನೀನು ಹೇಳು ತಾಯಿ. ಗಾಡಿ ಹೇಗೆ? ಮನೆ ಮಂದಿ ಕೂರ್ಬಹುದಾ ಇದ್ರಲ್ಲಿ?"

ಹೆಂಡತಿ ಲೋಟ ಕೆಳಗಿಟ್ಟಳು. ಬಾಯಿ ತೆರೆದಳು.

ದಂತವೈದ್ಯೆಯ ಕತ್ತು ತಾನಾಗಿಯೇ ಮುಂದಕ್ಕೆ ಬಂತು. "ಒಂದ್ನಿಮಿಷ. ಆ ಹಲ್ಲಿಗೇನಾಯ್ತು?"

ಗಾಡಿಯ ಸುತ್ತ ಟಾರ್ಚು ಹಿಡಿದು ಹುಡುಕಿದ್ದು ಇಲ್ಲಿ ಸಿಕ್ಕಿಬಿಟ್ಟಿತ್ತು. ಮಗಳು ಅವನನ್ನು ನೋಡಿದಳು. ಹೆಂಡತಿ ಅವನನ್ನು ನೋಡಲಿಲ್ಲ. ಅವಳು ಹೇಳಲಿ ಎಂದು ಒಂದು ಗಳಿಗೆ ಅವನಿಗೇ ಅನಿಸಿತು. ಹೇಳಿಬಿಡಲಿ, ಇವರೆಲ್ಲರ ಎದುರಿಗೆ. ಗಾಡಿ ಹೋಗದಿದ್ದರೆ ಕತ್ತೆಬಾಲ. ಮರುಗಳಿಗೆಯಲ್ಲೇ, ಬೇಡ, ಬೇಡ ಎಂದು ಒಳಗೊಳಗೇ ಕೈಮುಗಿದ.

"ಬಚ್ಚಲಲ್ಲಿ ಕಾಲು ಜಾರ್ತು," ಎಂದಳು ಹೆಂಡತಿ.

"ಏನೋ ಗಟ್ಟಿ ಅಂಚು ತಗುಲಿದ ಹಾಗಿದೆ."

"ನಲ್ಲಿ."

"ಅಯ್ಯೋ ಪಾಪ," ಎಂದಳು ಅಜ್ಜಿ. "ಮನೇಲಿ ಯಾರೂ ಇರ್ಲಿಲ್ವಾ?"

"ಇವ್ರಿದ್ರು." ಹೆಂಡತಿ ಈಗ ಸಲೀಸಾಗಿ, ಪಾಠ ಒಪ್ಪಿಸುವವಳಂತೆ ಮಾತಾಡಿದಳು. "ಸದ್ದು ಕೇಳಿ ಓಡ್ಬಂದ್ರು. ನಲ್ಲಿ ಮುರಿದು ನೀರು ಚಿಮ್ತಿತ್ತು, ಅದ್ರ ಕಡೆ ತಿರುಗೂ ನೋಡ್ಲಿಲ್ಲ. ಮೊದ್ಲು ನನ್ನ ಎತ್ತಿದ್ರು."

"ಹೌದು," ಎಂದಳು ಮಗಳು, ಮಂಡಿಯ ಮೇಲೆ ಕೈಯಿಟ್ಟುಕೊಂಡು. "ನಾನೂ ನೋಡ್ದೆ."

ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. "ಮತ್ತಿನ್ನೇನು ಯೋಚ್ನೆ? ಹೆಂಡ್ತೀನ ಹಾಗೆ ನೋಡ್ಕೊಂಡ ಮನುಷ್ಯ ಗಾಡೀನ ಹೀಗಿಟ್ಕೊಂಡಿರೋದ್ರಲ್ಲಿ ಏನಾಶ್ಚರ್ಯ? ಕಣ್ಮುಚ್ಕೊಂಡು ತಗೊಳ್ಳಿ."

ಅವನಿಗೆ ಎಂಥ ನಿರಾಳವೆಂದರೆ, ಕಣ್ಣಂಚಿನಲ್ಲಿ ನೀರೇ ಬಂತು. ಗಾಡಿ ಹೋಯಿತು. ಒಳ್ಳೆಯ ಬೆಲೆಗೇ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಆ ದಿನದ ಜಾಗಕ್ಕೆ ಒಂದು ಬೇರೆ ದಿನ ಸಿಕ್ಕಿಬಿಟ್ಟಿತ್ತು, ಅದಕ್ಕೆ ಇಬ್ಬರು ಸಾಕ್ಷಿಗಳೂ ಇದ್ದರು. ಒದ್ದೆ ಬಚ್ಚಲಿಗೆ ತಾನು ಓಡಿದ್ದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡದ್ದು, ಅಂಗಿ ತೋಯ್ದದ್ದು, ಎಲ್ಲ ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೃತಜ್ಞತೆಯಿಂದ ಹೆಂಡತಿಯ ಕಡೆ ತಿರುಗಿದ. ಅವಳು ಚಹಾದ ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು.

"ಆ ಹಲ್ಲನ್ನ ನಾನೇ ಮಾಡ್ಕೊಡ್ತೀನಿ, ಬನ್ನಿ," ಎಂದಳು ದಂತವೈದ್ಯೆ, ಈಗ ಪೂರ್ತಿ ಮೆತ್ತಗಾಗಿ. "ಅರ್ಧ ಗಂಟೆ ಕೆಲ್ಸ. ಗೊತ್ತೇ ಆಗಲ್ಲ, ಹೊಸ ಹಲ್ಲಿನ ಹಾಗೇ ಇರತ್ತೆ."

"ಇರ್ಲಿ ಬಿಡಿ," ಎಂದಳು ಹೆಂಡತಿ.

ಅವನು ಬೀಗದ ಕೈ ಕೊಡುವ ಹೊತ್ತಿಗೆ ಅಂಗಳದಿಂದ ಪರಪರ ಸದ್ದು ಬಂತು. ಅವಳಿಗಳು ಗಾಡಿಯೊಳಗೆ ಕೂತು ಪ್ಲಾಸ್ಟಿಕ್ಕನ್ನು ಹರಿದು ಹರಿದು ಆಚೆ ಎಸೆಯುತ್ತಿದ್ದರು. ಒಳಗಿನಿಂದ ಸೀಟುಗಳು ಕಂಡವು. ಮಾಗಿದ ಗೋಧಿಯ ಬಣ್ಣ, ಮೃದುವಾದ ಬಟ್ಟೆ. ಮಗಳು ಹತ್ತಿರ ಹೋಗಿ ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

"ಅಪ್ಪಾ, ನಮ್ಮ ಸೀಟು ಈ ಬಣ್ಣಾನಾ?"

ಅವನಿಗೂ ನೆನಪಿರಲಿಲ್ಲ. "ಹೂಂ," ಎಂದ.

ಬಸ್ ನಿಲ್ದಾಣ ದೊಡ್ಡ ಬೀದಿಯ ಕೊನೆಯಲ್ಲಿತ್ತು. ಮೂವರೂ ನಡೆದುಕೊಂಡು ಹೊರಟರು. ಸಂಜೆಯ ಬೀದಿ, ಅಗಲವಾದ ಕಾಲುದಾರಿ, ಅಂಗಡಿಗಳಿಂದ ಮನೆಗೆ ಹೊರಟ ಜನ. ಅವನ ಹೆಜ್ಜೆ ಹೂವಿನಷ್ಟು ಹಗುರವಾಗಿತ್ತು. ಇನ್ನು ತೊಳೆಯಬೇಕಾಗಿಲ್ಲ, ಒರೆಸಬೇಕಾಗಿಲ್ಲ, ಯಾರಿಗೂ ಕಾಲು ಝಾಡಿಸು ಎನ್ನಬೇಕಾಗಿಲ್ಲ. ಬೇಕಾದರೆ ಈಗಲೇ ಮೂವರೂ ಏನಾದರೂ ತಿನ್ನುತ್ತ ನಡೆಯಬಹುದು.

"ಏನಾದ್ರೂ ತಿನ್ನೋಣವಾ?" ಎಂದು ಕೇಳಿದ.

ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಎಡಕ್ಕೆ ತಿರುಗಿದ. ಹೆಂಡತಿ ಅವನಿಗೆ ಸಮನಾಗಿ, ಒಂದು ತೋಳಿನಷ್ಟು ದೂರದಲ್ಲಿ, ನೇರ ಮುಂದೆ ನೋಡುತ್ತ ನಡೆಯುತ್ತಿದ್ದಳು. ಮಗಳು? ಅವನ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು, ಹಣೆಯ ಮೇಲೆ, ಕನ್ನಡಿ ಇರಬೇಕಾದ ಜಾಗಕ್ಕೆ. ಅಲ್ಲಿ ಆಕಾಶವಿತ್ತು. ಕತ್ತು ತಿರುಗಿಸಿ ನೋಡಬೇಕಾಯಿತು. ಹಿಂದೆ, ಅವರಿಬ್ಬರ ನಟ್ಟನಡುವೆ, ಸರಿಯಾದ ಅಂತರದಲ್ಲಿ ಮಗಳು ಬರುತ್ತಿದ್ದಳು.

ಹೆಂಡತಿಯ ಹತ್ತಿರ ಹೋಗಬೇಕೆಂದು ಅವನು ಸ್ವಲ್ಪ ಎಡಕ್ಕೆ ಸರಿದ. ಅವಳೂ ಅಷ್ಟೇ ಎಡಕ್ಕೆ ಸರಿದಳು. ಮಗಳನ್ನು ಕೂಡಿಕೊಳ್ಳಲೆಂದು ನಿಧಾನ ಮಾಡಿದ. ಮೂವರೂ ನಿಧಾನವಾದರು. ನಿಂತ. ಮೂವರೂ ನಿಂತರು, ಯಾರೂ ಮುಗ್ಗರಿಸದೆ, ಯಾರಿಗೂ ಯಾರೂ ತಾಗದೆ. ಎಲ್ಲರೂ ಕ್ಷೇಮವಾಗಿ ಅವರವರ ಜಾಗದಲ್ಲಿದ್ದರು. ಅದನ್ನು ಕಂಡು ಅವನಿಗೆ ಮತ್ತೆ ನಿರಾಳವೆನಿಸಿತು.

ಅವನು ನಡೆಯತೊಡಗಿದ. ಕಾಲುದಾರಿಯಲ್ಲಿ ಎದುರಿನಿಂದ ಜನ ಬರುತ್ತಲೇ ಇದ್ದರು. ಹತ್ತಿರ ಬಂದಾಗ, ಗಾಡಿಯಷ್ಟು ದೊಡ್ಡದೇನೋ ಬರುತ್ತಿದೆಯೆಂಬಂತೆ ಪಕ್ಕಕ್ಕೆ ಸರಿದು, ಮೂವರನ್ನೂ ಒಟ್ಟಿಗೆ ಬಳಸಿಕೊಂಡು ಹೋಗುತ್ತಿದ್ದರು. ನಡುವೆ ಅಷ್ಟೊಂದು ಜಾಗವಿತ್ತು, ಯಾರೂ ಹಾಯಲಿಲ್ಲ.